ತಿರುವಿಲ್ಲದ ದಾರಿಯಲ್ಲಿ ಹಾರ್ನ್

ಅಲ್ ಖಫ್ಜಿ
9 ನವೆಂಬರ್ 2019, ಶನಿವಾರ

ಪ್ರೀತಿಯ ವಾರಿಜಾ,

ನಾವೆಲ್ಲ ಇಲ್ಲಿ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಮಂಡಿನೋವು ಇಳಿದಿದೆ ಎಂದು ನಂಬಿಕೊಂಡು ಬರೆಯಲು ಕುಳಿತಿದ್ದೇನೆ. ಮೊದಲು ಬೈಯುವುದನ್ನೆಲ್ಲ ಬೈದು ಮುಗಿಸು. ಬುಧವಾರದಿಂದ ನೀನು ವಾಟ್ಸಾಪಿನಲ್ಲಿ "ಪಾಸಾ? ಫೇಲಾ?" ಎಂದು ಹನ್ನೊಂದು ಸಲ ಕೇಳಿದ್ದೀ. ಕೊನೆಯದರಲ್ಲಿ "ಬದುಕಿದ್ದೀಯಾ ಮಾರಾಯ್ತಿ?" ಎಂದೂ ಇದೆ. ನಾನು ಉತ್ತರ ಕೊಡದಿದ್ದದ್ದು ಸೊಕ್ಕಿನಿಂದಲ್ಲ. ದೊಡ್ಡ ಸುದ್ದಿಯನ್ನು ಕಾಗದದಲ್ಲೇ ಬರೆಯಬೇಕೆಂದು ಹತ್ತನೇ ಕ್ಲಾಸಿನಲ್ಲಿ ನಾವಿಬ್ಬರು ಮಾಡಿಕೊಂಡ ಕರಾರು ನೆನಪಿದೆಯಲ್ಲ? ನನ್ನ ಮದುವೆ ನಿಶ್ಚಯವಾದದ್ದನ್ನು ವಿಟ್ಲದಲ್ಲಿ ನಾಲ್ಕು ಮನೆ ಆಚೆ ಇದ್ದ ನಿನಗೆ ಅಂಚೆಯಲ್ಲಿ ತಿಳಿಸಿದವಳು ನಾನು. ಇದೂ ಅಷ್ಟೇ ದೊಡ್ಡದು. ನಮ್ಮವರ ಅಂಗಡಿಯ ಖಲೀಲುರ್ರಹ್ಮಾನ್ ನಾಳೆ ರಜೆಯಲ್ಲಿ ಊರಿಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಈ ಕಾಗದ, ಒಂದು ಡಬ್ಬಿ ಖರ್ಜೂರ, ನಿನ್ನ ಮಂಡಿಗೆ ಎರಡು ಬಾಟಲಿ ಕೊಡಲಿ ಛಾಪಿನ ನೋವಿನೆಣ್ಣೆ ಕಳಿಸುತ್ತಿದ್ದೇನೆ. ಎಣ್ಣೆಯನ್ನು ಅತ್ತಿಗೆಗೆ ದಾನ ಮಾಡಬೇಡ.

ಪಾಸೋ ಫೇಲೋ ಈಗಲೇ ಹೇಳುವುದಿಲ್ಲ. ಕೊನೆಯ ಪುಟ ತಿರುಗಿಸಿ ನೋಡಿದೆಯೋ, ನನ್ನ ಮೇಲಾಣೆ! ಹೇಗೂ ನೀನು ಇದನ್ನು ನಿನ್ನ ಶಾಲೆಯ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಓದಿ ಹೇಳುವವಳೇ. ಫೆಬ್ರವರಿಯಲ್ಲಿ ನನಗೆ ಇಲ್ಲಿನ ಲೈಸನ್ಸ್ ಸಿಕ್ಕಿದಾಗ ಅಲ್ಲಿ ಲಾಡು ಹಂಚಿದವಳಲ್ಲವಾ ನೀನು. ಹಾಗಾಗಿ ನಿನ್ನ ಟೀಚರುಗಳಿಗೂ ಅರ್ಥವಾಗಲಿ ಎಂದು ಮೊದಲಿನಿಂದ ಬರೆಯುತ್ತೇನೆ.

ಉಮ್ ಸಾಲಿಂ ನಮ್ಮ ಎದುರು ಮನೆಯವಳು. ಹೆಸರಿನ ಅರ್ಥ ಸಾಲಿಮನ ತಾಯಿ ಎಂದು. ಇಲ್ಲಿನ ಸೌದಿ ಹೆಂಗಸು, ನನಗಿಂತ ಆರು ವರ್ಷಕ್ಕೆ ಸಣ್ಣವಳು, ನಗಲು ಶುರು ಮಾಡಿದರೆ ನಿಲ್ಲಿಸಲು ಬಾರದವಳು. ನಾನು ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಗೊತ್ತಿದ್ದ ಅರಬಿ ಎಂದರೆ ಮದ್ರಸದಲ್ಲಿ ಕಲಿತದ್ದು ಮಾತ್ರ. ನಮಾಝಿಗೆ ಸಾಕು, ಟೊಮೆಟೊ ತರಲು ಸಾಲದು. ಮುಂದೆ ಅವಳು ಎದುರು ಮನೆಗೆ ಸೊಸೆಯಾಗಿ ಬಂದ ಮೇಲೆಯೇ ನನ್ನ ಬಾಯಿ ತಿರುಗಿದ್ದು. ಅವಳು ಹೇಳುವುದೆಲ್ಲ ಅರಬಿಯಲ್ಲಿ, ನಾನು ನಮ್ಮ ಮಾತಿಗೆ ತಂದು ಬರೆಯುತ್ತೇನೆ.

ಅವಳ ಗಂಡ ಅಬೂ ಸಾಲಿಂ ಗಡಿ ಕಾವಲು ಪಡೆಯಲ್ಲಿ ರಕೀಬ್ ಆಗಿದ್ದರು, ಅಂದರೆ ನಮ್ಮ ಕಡೆಯ ಹವಾಲ್ದಾರ್ ಇದ್ದ ಹಾಗೆ. ಕುವೈತಿನ ಗಡಿ ಇಲ್ಲಿಂದ ಹತ್ತಿರ. ಆ ಮರಳಿನಲ್ಲಿ ಜೀಪು ಓಡಿಸುತ್ತ ಕಳ್ಳಮಾಲು ಸಾಗಿಸುವವರನ್ನು ಹಿಡಿಯುವುದು ಅವರ ಕೆಲಸ. ಆಳು ಬಾಗಿಲು ತುಂಬುವಷ್ಟು ಎತ್ತರ, ಮಾತು ಕಡಿಮೆ. ಆದರೆ ಡ್ಯೂಟಿ ಮುಗಿಸಿ ಬರುವಾಗ ಬೀದಿಯ ಮೂಲೆಯಲ್ಲೇ ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು: ಪೋಂ ಪೋಂ. ಅಂದರೆ "ಗಹ್ವಾಕ್ಕೆ ನೀರಿಡು" ಎಂದು. ಗಾಡಿ ಮನೆಯೆದುರು ನಿಲ್ಲುವಾಗ ಏಲಕ್ಕಿ ಹಾಕಿದ ಆ ಅರಬಿ ಕಾಫಿ ಕುದಿಯಲು ಶುರುವಾಗಿರಬೇಕು. ಎಷ್ಟೋ ಸಲ ಆ ಹಾರ್ನ್ ಕೇಳಿ ನಾನೂ ನಮ್ಮವರಿಗೆ ಚಹಾಕ್ಕೆ ಇಟ್ಟದ್ದುಂಟು.

2014ರ ಮಾರ್ಚಿನಲ್ಲಿ ಊರಿನಲ್ಲಿ ನನ್ನ ಉಮ್ಮನಿಗೆ, ಹೆತ್ತ ತಾಯಿಗೆ, ಕಾಯಿಲೆ ಜೋರಾದಾಗ ಹಮೀದಾಕನವರು, ಅಂದರೆ ನಮ್ಮವರು, ಅತ್ತೆಯನ್ನು ಕರೆದುಕೊಂಡು ಮದೀನಾದಲ್ಲಿದ್ದರು. ಆಗ ನನ್ನನ್ನು ಮುನ್ನೂರು ಕಿಲೋಮೀಟರ್ ದೂರದ ದಮ್ಮಾಮ್ ವಿಮಾನ ನಿಲ್ದಾಣಕ್ಕೆ ಮುಟ್ಟಿಸಿದವರು ಅಬೂ ಸಾಲಿಂ. ಅವರ ಬಿಳಿ ಹೈಲಕ್ಸ್ ಗಾಡಿಯಲ್ಲಿ ಮುಂದೆ ಗಂಡ ಹೆಂಡತಿ, ಹಿಂದೆ ಅಳುತ್ತ ನಾನು. ಮಂಗಳೂರಿನಲ್ಲಿ ನನ್ನನ್ನು ಇಳಿಸಿಕೊಂಡವಳು ನೀನು, ನಿನಗೆ ಗೊತ್ತು. ಉಮ್ಮನ ಬಾಯಿಗೆ ಕೊನೆಯ ನೀರು ಬಿಡಲು ನಾನು ಸಮಯಕ್ಕೆ ಸರಿಯಾಗಿ ಮುಟ್ಟಿದೆ. ಅದಾಗಿ ಒಂದು ವಾರಕ್ಕೆ, ಗುರುವಾರ, ನಶೆಮಾತ್ರೆ ತುಂಬಿಕೊಂಡು ಓಡುತ್ತಿದ್ದ ಜೀಪನ್ನು ಅಡ್ಡಗಟ್ಟಿದಾಗ ಅದರಲ್ಲಿದ್ದವರು ಅಬೂ ಸಾಲಿಂ ಅವರಿಗೆ ಗುಂಡು ಹೊಡೆದರು. ಅಲ್ಲೇ ತೀರಿಹೋದರು. ಸಾಲಿಮನಿಗೆ ಆಗ ಏಳು ವರ್ಷ.

ಉಮ್ ಸಾಲಿಮಳ ಆಸೆ ಒಂದೇ ಇತ್ತು. ಗಂಡ ಬಿದ್ದ ಜಾಗದ ಕಡೆಗೆ ಒಮ್ಮೆ ಹೋಗಬೇಕು, ಎಷ್ಟು ಹತ್ತಿರ ಬಿಡುತ್ತಾರೋ ಅಷ್ಟು ಹತ್ತಿರ. ಅವಳ ಅಣ್ಣನನ್ನು ಕೇಳಿದರೆ, "ಅದು ಹೆಂಗಸರು ಹೋಗುವ ಜಾಗವಾ?" ಎಂದು ಒಂದೇ ಮಾತು. ಐದು ವರ್ಷವೂ ಅದೇ ಮಾತು. ಮಾರುಕಟ್ಟೆಗೆ ಬೇಕಾದರೆ ಬಿಡುತ್ತಾನೆ, ಆಸ್ಪತ್ರೆಗೆ ಬಿಡುತ್ತಾನೆ, ಅಲ್ಲಿಗೆ ಮಾತ್ರ ಇಲ್ಲ. ಹೋದ ವರ್ಷ ಹೆಂಗಸರೂ ಗಾಡಿ ಓಡಿಸಬಹುದೆಂದು ಆಯಿತಲ್ಲ, ಆ ದಿನ ಅವಳು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬೀದಿ ದಾಟಿ ಬಂದು ನನ್ನ ಕೈ ಹಿಡಿದಳು. "ಶಮೀಮಾ, ನಿನ್ನ ಹತ್ತಿರ ನಿಮ್ಮೂರಿನ ಲೈಸನ್ಸ್ ಉಂಟಲ್ಲ, ನನಗೆ ಕಲಿಸು. ಅವರ ಗಾಡಿಯಲ್ಲೇ ಕಲಿಸು. ಆಮೇಲೆ ನಾನೇ ಹೋಗ್ತೇನೆ, ಯಾರನ್ನೂ ಕೇಳುವುದಿಲ್ಲ."

ಆ ಹೈಲಕ್ಸ್ ಟಾರ್ಪಾಲಿನ ಕೆಳಗೆ ಐದು ವರ್ಷ ಮಲಗಿತ್ತು. ನಮ್ಮವರದ್ದು ಸ್ಪೇರ್ ಪಾರ್ಟ್ಸ್ ಅಂಗಡಿಯಾದ್ದರಿಂದ ಬಚಾವ್. ಬ್ಯಾಟರಿ, ಟಯರು, ಬೆಲ್ಟು ಎಲ್ಲ ಬದಲಿಸಿ ಎಬ್ಬಿಸಿ ಕೊಟ್ಟರು. ಉಮ್ ಸಾಲಿಂ ದಮ್ಮಾಮಿನ ಒಂದು ಡ್ರೈವಿಂಗ್ ಸ್ಕೂಲಿಗೆ ಸೇರಿ ಅಲ್ಲಿನ ಪಾಠ ಮುಗಿಸಿದಳು. ಆದರೆ ಕೈ ಪಳಗಬೇಕಲ್ಲ. ಅದಕ್ಕೆ ಸಮುದ್ರದ ಬದಿಯ ಖಾಲಿ ಬಯಲು, ಗುರುವಿನ ಸೀಟಿನಲ್ಲಿ ನಾನು.

ನನ್ನ ಗುರು ಯಾರು? ನಮ್ಮ ನೋಣಯಣ್ಣ! ವಿಟ್ಲ–ಪುತ್ತೂರು ರಸ್ತೆಯಲ್ಲಿ ಆ ಹಳೇ ಅಂಬಾಸಿಡರಿನಲ್ಲಿ ನಮ್ಮಿಬ್ಬರಿಗೂ ಡ್ರೈವಿಂಗ್ ಕಲಿಸಿದ ಮಹಾನುಭಾವ. ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು ಅವರು ಹೇಳುತ್ತಿದ್ದದ್ದು ಈಗಲೂ ಕಿವಿಯಲ್ಲಿದೆ: "ತಿರುವು ಬಂತಾ, ಹಾರ್ನ್ ಹೊಡಿ. ಆಚೆಯಿಂದ ಬಸ್ಸು ಬರ್ತದಾ ದನ ಬರ್ತದಾ ನಿಂಗೆಂತ ಗೊತ್ತು?" ಹಾರ್ನ್ ಮರೆತರೆ ತಲೆಗೊಂದು ಮೊಟಕು. ನೀನು ಎಷ್ಟು ತಿಂದಿದ್ದೀ, ನಾನು ಎಷ್ಟು ತಿಂದಿದ್ದೇನೆ! ಹಾಗಾಗಿ ನನಗೆ ಡ್ರೈವಿಂಗ್ ಎಂದರೆ ಅರ್ಧ ಸ್ಟೇರಿಂಗು, ಅರ್ಧ ಹಾರ್ನು. ಅದನ್ನೇ ಉಮ್ ಸಾಲಿಮಳಿಗೂ ಅರೆದು ಕುಡಿಸಿದೆ. ಖಫ್ಜಿಯಲ್ಲಿ ತಿರುವು ಎಲ್ಲಿದೆ ಹೇಳು? ಗೆರೆ ಎಳೆದ ಹಾಗಿನ ರಸ್ತೆ, ಹತ್ತು ಮೈಲಿ ಆಚೆಯ ಲಾರಿಯೂ ಇಲ್ಲಿಂದಲೇ ಕಾಣುತ್ತದೆ. ಅದೆಲ್ಲ ನನ್ನ ತಲೆಗೆ ಹೋಗಲೇ ಇಲ್ಲ. ಬಯಲಿನಲ್ಲಿ ಹಳೇ ಟಯರುಗಳನ್ನಿಟ್ಟು ತಿರುವು ಮಾಡಿ, ಪ್ರತಿ ತಿರುವಿಗೂ ಹಾರ್ನ್ ಹೊಡೆಸಿದೆ. ಅವಳಿಗಂತೂ ಹಾರ್ನ್ ಎಂದರೆ ಗಂಡನ ನೆನಪು, ಕೇಳಬೇಕಾ! ಬಲೆ ಒಣಗಿಸುತ್ತಿದ್ದ ಬಂಗಾಳಿಗಳು ನಮ್ಮನ್ನು ಕಂಡರೆ ಬಲೆ ಬಿಟ್ಟು ಓಡುತ್ತಿದ್ದರು.

ಮೊದಲ ಟೆಸ್ಟಿನಲ್ಲಿ ಫೇಲಾದದ್ದು ನಿನಗೆ ಗೊತ್ತು. ರಿವರ್ಸಿನಲ್ಲಿ ಎರಡು ಕೋನುಗಳನ್ನು ಮಲಗಿಸಿದಳು, ಅದು ಅವಳ ತಪ್ಪು. ಎರಡನೆಯ ಸಲದ್ದು ಮಾತ್ರ ಅಪ್ಪಟ ನನ್ನ ತಪ್ಪು. ಅದನ್ನು ನಿನಗೂ ಹೇಳಿರಲಿಲ್ಲ, ನಾಚಿಕೆಯಾಗಿ. ರಿವರ್ಸು ಚಂದ, ಪಾರ್ಕಿಂಗು ಚಂದ, ಎಲ್ಲ ಚಂದ. ಆದರೆ ಟ್ರ್ಯಾಕಿನ ಪ್ರತಿ ತಿರುವಿನಲ್ಲೂ ಪೋಂ ಪೋಂ! ಒಂದೇ ಸುತ್ತಿನಲ್ಲಿ ಹದಿನಾಲ್ಕು ಸಲ. ಪರೀಕ್ಷೆ ಮಾಡುವ ಹೆಂಗಸು ಗಾಡಿ ನಿಲ್ಲಿಸಿ, "ಅಮ್ಮಾ, ಇದೆಂತ ಮದುವೆ ದಿಬ್ಬಣವಾ? ಮದುಮಗಳು ಎಲ್ಲಿ?" ಎಂದು ಕೇಳಿದಳಂತೆ. ಇಲ್ಲಿ ದಿಬ್ಬಣದ ಗಾಡಿಗಳು ಬಿಟ್ಟರೆ ಬೇರೆ ಯಾರೂ ಹಾಗೆ ಹಾರ್ನ್ ಹೊಡೆಯುವುದಿಲ್ಲ. ಹಿಂದಿರುಗುವಾಗ ಉಮ್ ಸಾಲಿಂ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕುಳಿತು ನಕ್ಕು ನಕ್ಕು ಸುಸ್ತಾಗಿ, ಆಮೇಲೆ ಮುಖ ಆಚೆ ತಿರುಗಿಸಿ ಅತ್ತಳು. "ಅಣ್ಣ ಹೇಳಿದ್ದಾನೆ, ಮೂರನೇ ಸಲವೂ ಫೇಲಾದ್ರೆ ಗಾಡಿ ಮಾರ್ತೇನೆ ಅಂತ," ಎಂದಳು. ನನಗೆ ನೆಲ ಸೀಳಿ ಒಳಗೆ ಹೋಗುವ ಹಾಗಾಯಿತು. ಡ್ರೈವಿಂಗ್ ಮಾಡುತ್ತಿದ್ದ ನಮ್ಮವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು.

ಮರುದಿನ ಬೆಳಿಗ್ಗೆ ಅವರು ಹೈಲಕ್ಸಿನ ಬಾನೆಟ್ ಎತ್ತಿ ಹಾರ್ನಿನ ಫ್ಯೂಸ್ ಕಿತ್ತು ಕಿಸೆಗೆ ಹಾಕಿಕೊಂಡರು. "ಇನ್ನು ಹೊಡೀರಿ ನೋಡುವ," ಎಂದರು. ಮೂರು ವಾರ ಹಾರ್ನಿಲ್ಲದ ಗಾಡಿಯಲ್ಲಿ ಅಭ್ಯಾಸ. ಮೊದಲ ವಾರ ಅವಳ ಅಂಗೈ ಸುಮ್ಮನೆ ಹಾರ್ನ್ ಒತ್ತುತ್ತಿತ್ತು. ಎರಡನೇ ವಾರ ಕೈ ನಿಂತಿತು, ಬಾಯಿ ಶುರುವಾಯಿತು. ತಿರುವು ಬಂದಾಗ ಗುರುವೂ ಶಿಷ್ಯೆಯೂ ಕೂಡಿ ಬಾಯಲ್ಲೇ "ಪೋಂ ಪೋಂ!" ನನ್ನ ಮಗಳು ಮರ್ಯಮ್ ಒಂದು ದಿನ ನಮ್ಮೊಂದಿಗೆ ಬಂದವಳು ಫೋನಿನಲ್ಲಿ ಅದನ್ನು ಚಿತ್ರೀಕರಿಸಿಕೊಂಡು, "ಮಮ್ಮಿ, ಯು ಬೋತ್ ಆರ್ ಇಂಪಾಸಿಬಲ್," ಎಂದಳು. ಆಗಲಿ, ನಮಗೇನು.

ಈ ಬುಧವಾರ ಮೂರನೇ ಟೆಸ್ಟ್. ದಮ್ಮಾಮಿನಲ್ಲಿ ಅದೇ ಟ್ರ್ಯಾಕು, ಹಾರ್ನಿರುವ ಅದೇ ಸ್ಕೂಲಿನ ಗಾಡಿ, ಅದೇ ಹೆಂಗಸು. ಉಮ್ ಸಾಲಿಂ ಗಾಡಿ ಹತ್ತುವಾಗ ಅವಳು, "ಓ, ದಿಬ್ಬಣ ಬಂತಾ!" ಎಂದಳಂತೆ. ನಾನು ಹೊರಗೆ ಬೆಂಚಿನಲ್ಲಿ ಕುಳಿತು ಗೊತ್ತಿದ್ದ ದುವಾಗಳನ್ನೆಲ್ಲ ಓದಿ ಮುಗಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಕಿವಿ ಮಾತ್ರ ಟ್ರ್ಯಾಕಿನ ಕಡೆಗೆ. ಒಂದು ತಿರುವು, ಶಬ್ದವಿಲ್ಲ. ಎರಡು, ಇಲ್ಲ. ಇಡೀ ಸುತ್ತು ಮುಗಿಯಿತು, ಒಂದು ಹಾರ್ನೂ ಇಲ್ಲ. ಆದರೆ ಗಾಡಿ ನಿಂತ ಮೇಲೆ ನೋಡುತ್ತೇನೆ, ಆ ಪರೀಕ್ಷೆಯವಳು ಹೊಟ್ಟೆ ಹಿಡಿದುಕೊಂಡು ಇಳಿಯುತ್ತಿದ್ದಾಳೆ, ಕಣ್ಣಲ್ಲಿ ನೀರು! ಎಂತ ಆದದ್ದೆಂದರೆ, ನಮ್ಮ ಶಿಷ್ಯೆ ಕೈಯನ್ನು ಬಿಗಿಹಿಡಿದಿದ್ದಾಳೆ, ಬಾಯಿ ಹಿಡಿಯಲು ಮರೆತಿದ್ದಾಳೆ. ಪ್ರತಿ ತಿರುವಿಗೂ ಮೆಲ್ಲಗೆ, ಬಹಳ ಮರ್ಯಾದೆಯಿಂದ, "ಪೋಂ ಪೋಂ." ನಗು ತಡೆದು ತಡೆದು ಆ ಹೆಂಗಸು ಕೊನೆಗೆ, "ಬಾಯಲ್ಲಿ ಹೊಡೆದ ಹಾರ್ನಿಗೆ ಮಾರ್ಕ್ ಕಳೀಲಿಕ್ಕೆ ನನ್ನ ಫಾರ್ಮಿನಲ್ಲಿ ಜಾಗ ಇಲ್ಲ," ಎಂದು ಸಹಿ ಹಾಕಿದಳಂತೆ.

ಪಾಸು, ವಾರಿಜಾ! ಪಾಸು, ಪಾಸು, ಪಾಸು! ಈಗ ಹಂಚು ಲಾಡು. ನೋಣಯಣ್ಣ ಇದ್ದರೆ ಅವರಿಗೆ ಎರಡು ಕೊಡು, ಇಲ್ಲವಾದರೆ ಅವರ ಮನೆಯವರಿಗೆ ಕೊಡು.

ಕಾಗದವನ್ನು ಬುಧವಾರವೇ ಬರೆಯಬಹುದಿತ್ತು. ಆದರೆ ಪಾಸಾದದ್ದು ಅರ್ಧ ಸುದ್ದಿ ಅಷ್ಟೇ. ನಿನ್ನೆ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ನಾವಿಬ್ಬರೂ ಹೊರಟೆವು. ಅಣ್ಣನಿಗೆ ಅವಳು ಹೇಳಿಯೇ ಹೊರಟಳು. ಕೇಳಲಿಲ್ಲ, ಹೇಳಿದಳು. ಅವನು ಗೇಟಿನವರೆಗೆ ಬಂದು ಟಯರಿನ ಗಾಳಿ ನೋಡಿ, ಒಂದು ಪೆಟ್ಟಿಗೆ ನೀರಿನ ಬಾಟಲಿ ಹಿಂದೆ ಇಟ್ಟು ಹೋದ. ಅವಳು ಡ್ರೈವರ್ ಸೀಟಿನಲ್ಲಿ, ಪಕ್ಕದಲ್ಲಿ ನಾನು, ಮಡಿಲಲ್ಲಿ ಗಹ್ವಾದ ಫ್ಲಾಸ್ಕು. ಎಡಕ್ಕೆ ಮರಳು, ಬಲಕ್ಕೆ ಸಮುದ್ರ. ಎಂಬತ್ತಕ್ಕಿಂತ ಮೇಲೆ ಹೋಗಲೇ ಇಲ್ಲ. ನಮ್ಮ ಹಿಂದಿದ್ದ ಲಾರಿಯವನು ಬೇಸತ್ತು ಓವರ್‌ಟೇಕ್ ಮಾಡುವಾಗ ಇಣುಕಿ ನೋಡಿ, ಇಬ್ಬರು ಹೆಂಗಸರನ್ನು ಕಂಡು, ಹೆಬ್ಬೆರಳೆತ್ತಿ ತೋರಿಸಿದ. ಉಮ್ ಸಾಲಿಂ ಇಡೀ ದಾರಿ ಹಾಡುತ್ತಲೇ ಇದ್ದಳು, ರಾಗವೆಂಬುದು ಒಂದಿಷ್ಟೂ ಇಲ್ಲ.

ಗಡಿ ವಲಯದ ಒಳಗೆ ಯಾರನ್ನೂ ಬಿಡುವುದಿಲ್ಲ. ದಾರಿಗೆ ಅಡ್ಡಲಾಗಿ ಗೇಟು, ಪಕ್ಕದಲ್ಲೊಂದು ಸಣ್ಣ ಠಾಣೆ. ನಡುವಯಸ್ಸಿನ ಕಾವಲಿನವರೊಬ್ಬರು ಬಂದು, "ತಾಯಿ, ದಾರಿ ಇಲ್ಲಿಗೆ ಮುಗೀತದೆ, ತಿರುಗಿಸಿ," ಎಂದರು. ಉಮ್ ಸಾಲಿಂ ಗಂಡನ ಪೂರ್ತಿ ಹೆಸರು ಹೇಳಿದಳು. ಆ ಮನುಷ್ಯ ಒಮ್ಮೆ ಗಾಡಿಯನ್ನು ನೋಡಿದರು, ಒಮ್ಮೆ ಅವಳನ್ನು ನೋಡಿದರು. ಆಮೇಲೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಒಳಗಿದ್ದವರನ್ನೂ ಕರೆದರು. ಮೂವರು ಸಾಲಾಗಿ ನಿಂತರು. ಆಮೇಲೆ ಒಬ್ಬರು ಗೇಟಿನಾಚೆಗೆ ಕೈತೋರಿಸಿದರು. ದೂರದಲ್ಲಿ ಮರಳಿನ ಒಂದು ದಿಬ್ಬ, ಅದರ ಮೇಲೆ ಒಂದು ಕಂಬ. ಅಷ್ಟೇ. ಅದರಾಚೆ ಅಬೂ ಸಾಲಿಂ ಆ ಜೀಪನ್ನು ಅಡ್ಡಗಟ್ಟಿದ್ದು.

ಉಮ್ ಸಾಲಿಂ ತುಂಬ ಹೊತ್ತು ನೋಡಿದಳು. ಆಮೇಲೆ, "ಮನೆಗೆ ಬರುವಾಗ ಅವರು ಹೊಡೀತಿದ್ದರು, ಇವತ್ತು ನಾನು ಬಂದಿದ್ದೇನೆ, ನಾನು ಹೊಡೀತೇನೆ," ಎಂದು ಹಾರ್ನಿನ ಮೇಲೆ ಅಂಗೈ ಇಟ್ಟು ಒತ್ತಿದಳು.

ಶಬ್ದವೇ ಇಲ್ಲ. ಮತ್ತೆ ಒತ್ತಿದಳು. ಇಲ್ಲ. ನಾನು ಗಡಿಬಿಡಿಯಲ್ಲಿ ನಮ್ಮವರಿಗೆ ಫೋನ್ ಮಾಡಿದರೆ, "ಅಯ್ಯೋ ಅಲ್ಲಾ! ಆ ಫ್ಯೂಸು ನನ್ನ ಶರ್ಟಿನ ಕಿಸೆಯಲ್ಲೇ ಉಂಟು ಮಾರಾಯ್ತಿ!" ಎಂದರು. ಐದು ವರ್ಷ ಕಾದು, ಮೂರು ಟೆಸ್ಟ್ ಕೊಟ್ಟು, ಅಲ್ಲಿಯವರೆಗೆ ಹೋಗಿ ಹಾರ್ನಿಲ್ಲ! ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅವಳು ಕಿಟಕಿಯ ಗಾಜು ಪೂರ್ತಿ ಇಳಿಸಿದಳು. ನಾನೂ ಇಳಿಸಿದೆ. ಮತ್ತೆ ಇಬ್ಬರೂ ತಲೆ ಹೊರಗೆ ಹಾಕಿ ಆ ದಿಬ್ಬಕ್ಕೆ ಕೇಳಿಸುವಷ್ಟು ಗಟ್ಟಿಯಾಗಿ ಕೂಗಿದೆವು: "ಪೋಂ ಪೋಂ!"

ಸೆಲ್ಯೂಟ್ ಹೊಡೆದು ನಿಂತಿದ್ದವರ ಮುಖವನ್ನು ನೀನು ನೋಡಬೇಕಿತ್ತು. ನಗಬೇಕೋ ಬಾರದೋ ತಿಳಿಯದೆ ಒದ್ದಾಡಿದರು ಪಾಪ. ಉಮ್ ಸಾಲಿಂ ನಗುತ್ತ ನಗುತ್ತ ಅತ್ತಳು, ನಾನೂ ಅತ್ತೆ. ಫ್ಲಾಸ್ಕಿನ ಗಹ್ವಾವನ್ನು ಅವರಿಗೂ ಕೊಟ್ಟು ನಾವೂ ಕುಡಿದೆವು. ಇಷ್ಟು ಸಂತೋಷದ ದಿನ ನನ್ನ ಮರ್ಯಮಳು ಹುಟ್ಟಿದ ಮೇಲೆ ನನಗೆ ಬಂದಿರಲಿಲ್ಲ.

ಇನ್ನು ನಿಲ್ಲಿಸುತ್ತೇನೆ, ಖಲೀಲ್ ಪೆಟ್ಟಿಗೆ ಕಟ್ಟಲು ಹಗ್ಗ ಹಿಡಿದು ನಿಂತಿದ್ದಾನೆ. ನಿನ್ನ ಮಂಡಿ ಮೆಟ್ಟಿಲು ಹತ್ತುವಷ್ಟು ಗಟ್ಟಿಯಾಗಲಿ, ನಿನ್ನ ಮಕ್ಕಳಿಗೆ ಪಡೆದ ದೇವರು ಒಳ್ಳೆಯದು ಮಾಡಲಿ, ನಿನ್ನ ಆಲ್ಟೋಗೆ ಒಂದು ಗೀರೂ ಬೀಳದಿರಲಿ. ಭಾವನವರಿಗೆ ನನ್ನ ಸಲಾಂ.

ಎಂದಿಗೂ ನಿನ್ನವಳೇ ಆದ
ಶಮೀಮಾ

ತಾ.ಕ.: ಇಲ್ಲಿಂದ ಮುಂದಿನದನ್ನು ಸ್ಟಾಫ್ ರೂಮಿನಲ್ಲಿ ಓದಬೇಡ ವಾರಿಜಾ. ಇದು ನಿನಗೊಬ್ಬಳಿಗೆ.

ಅಬೂ ಸಾಲಿಂ ತೀರಿಹೋದ ಆ ಗುರುವಾರ ಅವರಿಗೆ ಡ್ಯೂಟಿ ಇರಲಿಲ್ಲ. ಹಿಂದಿನ ಗುರುವಾರ ನನ್ನನ್ನು ದಮ್ಮಾಮಿಗೆ ಬಿಡಲೆಂದು ತಮ್ಮ ಡ್ಯೂಟಿಯನ್ನು ಜೊತೆಯವರೊಬ್ಬರಿಗೆ ಕೊಟ್ಟು, ಬದಲಿಗೆ ಅವರ ಈ ಗುರುವಾರದ ಡ್ಯೂಟಿಯನ್ನು ತಾವು ವಹಿಸಿಕೊಂಡಿದ್ದರು. ನಾನು ಊರಿನಿಂದ ಬಂದ ಮೇಲೆ ಅಂಗಡಿಗೆ ಬಂದ ಕಾವಲಿನವರೊಬ್ಬರಿಂದ ನಮ್ಮವರಿಗೆ ಇದು ಗೊತ್ತಾಯಿತು. ಆವತ್ತು ಹಿಂದಿನ ಸೀಟಿನಲ್ಲಿ ಅಳುತ್ತಿದ್ದ ನನ್ನ ಬ್ಯಾಗಿನಲ್ಲಿ ನೋಣಯಣ್ಣ ಕೊಡಿಸಿದ ಲೈಸನ್ಸ್ ಇತ್ತು. ನಮ್ಮ ಕಾರು ಮನೆಯೆದುರೇ ನಿಂತಿತ್ತು. ನಾನೇ ಓಡಿಸಿಕೊಂಡು ಹೋಗಲು ಬಿಟ್ಟಿದ್ದರೆ ಅವರು ಬದುಕಿರುತ್ತಿದ್ದರು. ಐದು ವರ್ಷ ಇದನ್ನು ನಿನಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ.

ನಿನ್ನೆ ಆ ಗೇಟಿನ ಬಳಿ, ಕಾವಲಿನವರು ಒಳಗೆ ಹೋದ ಮೇಲೆ, ಹೇಳಿಬಿಟ್ಟೆ. ಅವಳು ಸ್ಟೇರಿಂಗ್ ಹಿಡಿದುಕೊಂಡೇ ಕೇಳಿದಳು. ಆಮೇಲೆ ಹೇಳಿದಳು: "ನೀನು ಅವರನ್ನು ಕೇಳಿದ್ದಾ? ನೀನು ಬಂದದ್ದು ನನ್ನ ಹತ್ತಿರ. ಅವರು ಟ್ಯಾಕ್ಸಿ ಮಾಡಿ ಕೊಡುವ ಅಂದರು. ಇಲ್ಲ, ಡ್ಯೂಟಿ ಬದಲಿ ಮಾಡಿಯಾದ್ರೂ ನೀವೇ ಬನ್ನಿ ಅಂತ ಹಟ ಹಿಡಿದದ್ದು ನಾನು. ಇದು ನಿನಗೆ ಗೊತ್ತಾದ್ರೆ ನಿನ್ನ ಉಮ್ಮನಿಗೆ ಕೊಟ್ಟ ನೀರು ನಿನಗೆ ಕಹಿಯಾದೀತು ಅಂತ ನಾನೂ ಐದು ವರ್ಷ ಬಾಯಿ ಬಿಡ್ಲಿಲ್ಲ."

ಮತ್ತೆ ಅವಳೇ ಕೇಳಿದಳು, "ಉಮ್ಮ ಆ ನೀರು ಕುಡಿದರಾ?"

"ಕುಡಿದರು. ಎರಡು ಚಮಚ. ನನ್ನ ಹೆಸರು ಹಿಡಿದು ಕರೆದರು."

"ಹಾಗಾದ್ರೆ ಆಯ್ತು," ಎಂದು ಅವಳು ಗಾಡಿ ತಿರುಗಿಸಿದಳು.

ನಮ್ಮ ಬೀದಿಯ ಮೂಲೆಗೆ ಬಂದಾಗ ಅವಳು ಗಾಡಿ ನಿಧಾನ ಮಾಡಿ, ನನ್ನ ಕಡೆ ನೋಡದೆ, ಮೆಲ್ಲಗೆ "ಪೋಂ ಪೋಂ" ಎಂದಳು. ನಾನು ಅಲ್ಲೇ ಇಳಿದು, ಗಹ್ವಾಕ್ಕೆ ನೀರಿಡಲು ಅವಳ ಮನೆಗೆ ಓಡಿದೆ.